ಬಾಗಿಲ ಕಡೆ ಮುಖ ಮಾಡಿದ ಬೂಟುಗಳು

ತ್ಸುರುಓಕಾ
೩೦ ಜನವರಿ ೨೦೧೯, ಬುಧವಾರ

ಪ್ರೀತಿಯ ಸೆತ್ಸುಕೊ,

ಸೊಂಟದ ನೋವು ಹೇಗಿದೆ? ಮಗ್ಗುಲಾಗಿ ಮಲಗುವಾಗ ಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳುತ್ತಿದ್ದೀಯಾ? ಊಟ ಸೇರುತ್ತಿದೆಯಾ? ಆಸ್ಪತ್ರೆಯಲ್ಲಿ ಫ್ಲೂ ಎಂದು ಭೇಟಿ ನಿಲ್ಲಿಸಿ ಇವತ್ತಿಗೆ ಹನ್ನೆರಡು ದಿನ. ಒಗೆದ ಬಟ್ಟೆಯ ಚೀಲವನ್ನು ಕೆಳಗಿನ ಕೌಂಟರಿಗೆ ಕೊಡುವಾಗ ಚಿಹಾರು ಈ ಕಾಗದವನ್ನೂ ಅದರೊಳಗೆ ಇಡುತ್ತಾಳೆ. ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಹೆಂಡತಿಗೆ ಮಗಳ ಕೈಲಿ ಕಾಗದ ಕಳಿಸುವವನು ಈ ಬೀದಿಯಲ್ಲಿ ನಾನೊಬ್ಬನೇ ಇರಬೇಕು.

ನಾನು ಚೆನ್ನಾಗಿದ್ದೇನೆ. ನಿನ್ನೆ ಮೀನಿನ ಸಾರು ಮಾಡಿದೆ, ಮಿಸೊ ಹೆಚ್ಚಾಗಿ ಉಪ್ಪುಪ್ಪಾಯಿತು. ನೀನು ಹಾಕಿಟ್ಟ ಕೆಂಪು ಗಡ್ಡೆಯ ಉಪ್ಪಿನಕಾಯಿ ಇನ್ನು ನಾಲ್ಕು ದಿನಕ್ಕೆ ಸಾಲುತ್ತದೆ. ಬಾಡಿಗೆ ಮಂಚ ಬಂದಿದೆ, ಇನ್ನು ನೆಲದ ಹಾಸಿಗೆ ಬೇಡ. ಬಾಗಿಲೊಳಗಿನ ಎತ್ತರದ ಮೆಟ್ಟಿಲಿನ ಪಕ್ಕ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದೇನೆ, ಅಲ್ಲೇ ಕೂರಲು ಒಂದು ಕುರ್ಚಿ ಇಟ್ಟಿದ್ದೇನೆ. ಬಗ್ಗದೆ ಬೂಟು ಹಾಕಿಕೊಳ್ಳಲು ಉದ್ದ ಹಿಡಿಯ ಪಟ್ಟಿಯೂ ಬಂದಿದೆ. ಅದರಲ್ಲಿ ಬೆನ್ನು ಕೆರೆದುಕೊಂಡು ನೋಡಿದೆ, ಅದಕ್ಕೂ ಆಗುತ್ತದೆ.

ಆಪರೇಷನ್ ಆದ ಸಂಜೆ ಡಾಕ್ಟರು ಎಕ್ಸ್‌ರೇ ತೋರಿಸಿದ್ದು ಆಗಾಗ ನೆನಪಾಗುತ್ತದೆ. ಈ ವಯಸ್ಸಿನಲ್ಲಿ ಆ ಜಾಗದ ಮೂಳೆ ಮತ್ತೆ ಕೂಡುವುದು ಕಷ್ಟ, ಅದಕ್ಕೇ ತೊಡೆಮೂಳೆಯ ತುದಿಯ ಗುಂಡು ತೆಗೆದು ಲೋಹದ್ದು ಕೂರಿಸಿದ್ದೇವೆ, ಅದು ತಿರುಗುವ ಬಟ್ಟಲು ಮಾತ್ರ ಅವರದ್ದೇ ಎಂದರು. ನಿನಗೆ ಹೇಳಿದರೆ, "ಸರಿ ಬಿಡಿ, ನಿಮಗೆ ಅರ್ಧ ಹೊಸ ಹೆಂಡತಿ ಸಿಕ್ಕಿದಳು. ಬೈಗುಳ ಮಾತ್ರ ಪೂರ್ತಿ ಹಳೇದೇ" ಅಂದೆ. ಎರಡನೇ ದಿನವೇ ನೀನು ಎದ್ದು ನಿಂತೆ. ಆಮೇಲೆ ವ್ಯಾಯಾಮ ಮಾಡಿಸುವ ಹುಡುಗಿ, "ಅಜ್ಜಿ, ಬಗ್ಗಿ ನೆಲದ ಸಾಮಾನು ಎತ್ತೋ ಹಾಗಿಲ್ಲ, ಮೊಣಕಾಲು ಒಳಗೆ ತಿರುಗಿಸೋ ಹಾಗಿಲ್ಲ, ಗುಂಡು ಜಾರಿಬಿಡುತ್ತೆ" ಅಂದಳು. ನೀನು, "ಹಾಗಾದ್ರೆ ಇವರ ಬೂಟು ಯಾರಮ್ಮ ತಿರುಗಿಸಿಡ್ತಾರೆ?" ಅಂದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆ ಬೂಟಿನಿಂದಲೇ ಅಲ್ಲವೇ ನಮ್ಮದೆಲ್ಲ ಶುರುವಾದದ್ದು. ೧೯೬೬ರ ಮಾರ್ಚ್‌ನಲ್ಲಿ ನನ್ನ ಸೋದರತ್ತೆಯ ಜೊತೆ ನಿನ್ನನ್ನು ನೋಡಲು ನಿಮ್ಮ ಮನೆಗೆ ಬಂದಿದ್ದೆ. ಗಾಬರಿಯಲ್ಲಿ ಬೂಟು ಹೇಗೆ ಕಳಚಿದೆನೋ, ಒಂದು ಮಗುಚಿ ಬಿದ್ದಿತ್ತು. ಒಳಗೆ ನೀನು ಚಹಾ ತಂದಿಟ್ಟು ತಲೆ ತಗ್ಗಿಸಿ ಕೂತೆ. ನಾನೂ ತಲೆ ತಗ್ಗಿಸಿಯೇ ಕೂತಿದ್ದೆ. ಹೊರಡುವಾಗ ನೋಡಿದರೆ ಎರಡೂ ಬೂಟು ಒರೆಸಿಕೊಂಡು, ಜೋಡಿಯಾಗಿ, ಬಾಗಿಲ ಕಡೆ ಮುಖ ಮಾಡಿ ನಿಂತಿದ್ದವು. ಕಾಲಿಟ್ಟರೆ ಒಳಗೆ ಬೆಚ್ಚಗಿತ್ತು, ನೀನು ಒಲೆಯ ಹತ್ತಿರ ಇಟ್ಟು ತಂದಿದ್ದೆ. ದಾರಿಯಲ್ಲಿ ಅತ್ತೆ, "ಹುಡುಗಿ ಮುಖ ನೋಡಿದೆಯೇನೋ, ಪೆದ್ದ?" ಅಂದರು. "ಇಲ್ಲ ಅತ್ತೆ, ಬೂಟು ನೋಡಿದೆ, ಸಾಕು" ಅಂದೆ. ಅಂದಿನಿಂದ ಐವತ್ತೆರಡು ವರ್ಷ, ಪತ್ರಿಕೆಯ ಆಫೀಸಿನಿಂದಾಗಲಿ, ನಿವೃತ್ತಿಯ ಮೇಲೆ ಪೇಟೆಯಿಂದಾಗಲಿ, ಎಷ್ಟು ಹೊತ್ತಿಗೆ ಬಂದರೂ ನಾನು ಒದ್ದು ಕಳಚುವುದು, ನೀನು ತಿರುಗಿಸಿಡುವುದು. "ನಿಮ್ಮ ಬೂಟಿಗೆ ಒಳಗೆ ಬರೋದು ಗೊತ್ತು, ಹೊರಗೆ ಹೋಗೋದು ಗೊತ್ತಿಲ್ಲ ರೀ" ಎಂದು ದಿನಾ ಅನ್ನುತ್ತಿದ್ದೆ.

ಶುಕ್ರವಾರ ಹತ್ತು ಗಂಟೆಗೆ ಆಸ್ಪತ್ರೆಯವರ ಜೊತೆ ಮಾತುಕತೆ ಇದೆ. ನೀನು ಮನೆಗೆ ಬರಬೇಕೋ, ವೃದ್ಧರ ಆರೈಕೆ ಕೇಂದ್ರಕ್ಕೆ ಹೋಗಬೇಕೋ ಎಂದು ಅಂದೇ ತೀರ್ಮಾನ. ನಿನ್ನ ನಡಿಗೆ ಸಾಕು ಎನ್ನುತ್ತಾರೆ. ಅವರಿಗಿರುವ ಭಯ ನೀನು ಬಿದ್ದ ದಿನದ ತಲೆಸುತ್ತಿನದು. ಹೃದಯ, ಕಿವಿ, ರಕ್ತ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಕ್ಕಿಲ್ಲ, ಹಾಗಾಗಿ ಮತ್ತೆ ಬೀಳಬಹುದು, ಮುದುಕ ಗಂಡನೊಬ್ಬನನ್ನೇ ನಂಬಿ ಕಳಿಸುವುದು ಹೇಗೆ ಎನ್ನುತ್ತಾರೆ. ನೀನೂ "ಎಲ್ಲಿಗಾದರೂ ಸರಿ" ಅಂದೆಯಂತೆ.

ಚಳಿ ಜಾಸ್ತಿ ಇದೆ, ಕಾಲುಚೀಲ ಹಾಕಿಕೋ. ನರ್ಸುಗಳಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಇಸಾಮು

ವಿ.ಸೂ.: ಚಿಹಾರು ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದಾಳೆ. ನಿನಗೆ ತಲೆ ಸುತ್ತಿರಲಿಲ್ಲ. ಅವತ್ತು ನಾನು ಒಳಗಿನಿಂದ ನೋಡುತ್ತಿದ್ದೆ. ಹಿಮ ಮೆತ್ತಿದ ನನ್ನ ಬೂಟು ಒಂದು ಅಲ್ಲಿ, ಒಂದು ಇಲ್ಲಿ ಬಿದ್ದಿತ್ತು. ನೀನು ಮೆಟ್ಟಿಲ ಅಂಚಿನಿಂದ ಬಗ್ಗಿ ಅವನ್ನು ತಿರುಗಿಸಲು ಹೋಗಿ ಕೆಳಗೆ ಬಿದ್ದೆ. ಆಂಬುಲೆನ್ಸಿನವರು ಕೇಳಿದಾಗ ನೀನು ನನ್ನ ಮುಖ ನೋಡಿ "ತಲೆ ಸುತ್ತಿತು" ಅಂದೆ, ನಾನು ಸುಮ್ಮನಿದ್ದೆ. ನಲವತ್ತು ವರ್ಷ ಪತ್ರಿಕೆಯಲ್ಲಿ ಬೇರೆಯವರ ತಪ್ಪು ತಿದ್ದಿದವನು ನಾನು, ಇದೊಂದನ್ನು ಏಳು ವಾರ ಹಾಗೇ ಬಿಟ್ಟೆ. ಶುಕ್ರವಾರ ಎಲ್ಲರ ಮುಂದೆ ಹೇಳುತ್ತೇನೆ, ನೀನು ಅಡ್ಡ ಬರಬೇಡ. ನನ್ನ ಬೂಟು ಈಗ ನಾನೇ ತಿರುಗಿಸಿಡುತ್ತೇನೆ. ನಿನ್ನ ಕಂದು ಬೂಟನ್ನೂ ಒರೆಸಿ ಬಾಗಿಲಲ್ಲಿ ಇಟ್ಟಿದ್ದೇನೆ. ಅದನ್ನು ಮಾತ್ರ ಒಳಮುಖವಾಗಿ ಇಟ್ಟಿದ್ದೇನೆ.