ಜೇಬಿನೊಳಗಿನ ಕೂಗು

೧೩ ಮೇ ೨೦೦೭, ಭಾನುವಾರ

ಆ ಚಪ್ಪಾಳೆ ಇನ್ನೂ ಕಿವಿ ಚುಚ್ಚುತ್ತಿದೆ. ಸಂಜೆ ಜನಕಪುರಿಯ ಕಾವೇರಪ್ಪನವರ ಮನೆಯಲ್ಲಿ ಭೂತಾನ್ ಕಾಡಿನ ವಿಡಿಯೊ ತೋರಿಸಿದೆ. ಅಪರೂಪದ ಟ್ರೋಗನ್ ಹಕ್ಕಿ ನನ್ನೆದುರಿನ ಕೊಂಬೆಗೇ ಬಂದು ಕೂಗುವುದು ಪರದೆಯ ಮೇಲೆ ಕಂಡಾಗ ಗೆಳೆಯರೆಲ್ಲ ಚಪ್ಪಾಳೆ ತಟ್ಟಿ ಕುಣಿದಾಡಿದರು.

"ಎಂಥಾ ತಾಳ್ಮೆ ಮಾರಾಯ ನಿಂದು!" ಎಂದರು ಕಾವೇರಪ್ಪ.

ತಾಳ್ಮೆಯಂತೆ! ಅಲ್ಲಿ ಕಾಡಿನಲ್ಲಿ, ಅದನ್ನು ಹತ್ತಿರ ಸೆಳೆಯಲು, ಜೇಬಿನ ಟೇಪ್ ರೆಕಾರ್ಡರಿನಲ್ಲಿ ಅದರದೇ ಜಾತಿಯ ಕೂಗು ಹಾಕಿದ್ದೆ. ಗೂಡು ಕಟ್ಟುವ ಕಾಲದಲ್ಲಿ ಹಾಗೆ ಮಾಡಬಾರದೆಂದು ಹೊಸಬರಿಗೆ ಪಾಠ ಹೇಳುವವನೂ ನಾನೇ. ಪಾಪದ್ದು, ಕೊಂಬೆಯಿಂದ ಕೊಂಬೆಗೆ ಹಾರುತ್ತ ಅಲ್ಲಿಲ್ಲದ ಹಕ್ಕಿಯನ್ನು ಹುಡುಕಿತು. ನಾನು ಮತ್ತೆ ಮತ್ತೆ ಬಟನ್ ಒತ್ತಿದೆ.

ಮನೆಗೆ ಬರುವಾಗ ಕಾರಿನಲ್ಲಿ, ಜೊತೆಗೆ ಬಂದು ವಿಡಿಯೊ ನೋಡಿದ್ದ ಮಗಳು ಎಂದಿನಂತೆ ಹಿಂದಿ ಬೆರೆಸಿ ಕೇಳಿದಳು: "ಪಾಪಾ, ಆ ಹಕ್ಕಿ ಕಿಸ್‌ಕೋ ಕರೀತಿತ್ತು?"

"ಅದರ ಜೊತೆಗಾತಿಯನ್ನ."

"ಅಚ್ಛಾ. ಫಿರ್? ಸಿಕ್ಕಿದಳಾ?"

ಹೂಂ ಅಂದುಬಿಟ್ಟೆ. ಸಮಾಧಾನವಾಗಿ ನನ್ನ ತೋಳಿಗೊರಗಿ ನಿದ್ದೆಹೋದಳು.