ತಮ್ಮನಿಗೆ ಬೆವರು ನಾರುತ್ತದೆ ಎನ್ನದ ತಪ್ಪಿಗೆ

ಮಾನ್ಯ ತರಬೇತಿ ನಿರ್ದೇಶಕರೇ,

ನನ್ನ ತಮ್ಮನ ಮುಖ ನೋಡಿ "ನಿನ್ನ ಮೈ ಬೆವರು ನಾರುತ್ತಿದೆ" ಎಂದು ಹೇಳಲಿಲ್ಲವೆಂಬ ಕಾರಣಕ್ಕೆ ನಿಮ್ಮ ಕಚೇರಿ ನನ್ನನ್ನು ಅನುತ್ತೀರ್ಣಗೊಳಿಸಿದೆ. ಸಂವಹನ ಕೌಶಲ: ಸೊನ್ನೆ. ಷರಾ: "ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ, ಕೇಳಿದ್ದಕ್ಕೆ ಉತ್ತರಿಸುವುದಿಲ್ಲ, ನಾಯಕತ್ವದ ಗುಣವಿಲ್ಲ." ಈ ಸೊನ್ನೆ ಅಳಿಯದ ಹೊರತು ನಮ್ಮೂರಿಗೆ ಬರಲಿರುವ ಸಸಿಮನೆಯ ಮೇಲ್ವಿಚಾರಕಿಯ ಕೆಲಸಕ್ಕೆ ನಾನು ಅರ್ಜಿ ಹಾಕುವಂತಿಲ್ಲ. ಅಂಗಳದ ಪಾತಿಯಲ್ಲಿ ಟೊಮೆಟೊ, ಮೆಣಸು, ಕೋಸಿನ ಸಸಿ ಎಬ್ಬಿಸಿ ಅರ್ಧ ದ್ವೀಪಕ್ಕೆ ಹಂಚಿದವಳು ನಾನು. ಆ ಕೆಲಸ ನನಗೆ ಬೇಕು. ಸಂಕೋಚವಿಲ್ಲದೆ ಹೇಳುತ್ತೇನೆ, ತುಂಬಾ ಬೇಕು.

ಮೂರು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಚಾಪೆ ಹೆಣೆಯಲು ಕೂತರೆ ಎಳೆ ತಪ್ಪುತ್ತದೆ. ಎದ್ದು ತೋಟಕ್ಕೆ ಹೋಗುತ್ತೇನೆ, ಯಾಕೆ ಬಂದೆನೆಂದು ಮರೆತು ಹಿಂದಿರುಗುತ್ತೇನೆ. ಬುಧವಾರ ನೀವು ಮರುಪರೀಕ್ಷೆ ಇಟ್ಟಿದ್ದೀರಿ. ಮೊದಲು ಬರೆದ ಎರಡು ಪತ್ರಗಳು ನಿಮ್ಮ ಮೇಜಿನವರೆಗೆ ತಲುಪಲಿಲ್ಲವೆಂದು ಕಾಣುತ್ತದೆ. ಆದ್ದರಿಂದ ಈ ಬಾರಿ ಪತ್ರಿಕೆಯ ಮೂಲಕ ಬರುತ್ತಿದ್ದೇನೆ.

ಕಾರ್ಯಾಗಾರವೇ ದಂಡವೆಂದು ನಾನು ಹೇಳುವುದಿಲ್ಲ. ಚರ್ಚಿನ ಸಭಾಂಗಣದಲ್ಲಿ ನಾಲ್ಕು ದಿನ ಕೂತೆವು. ಗೊಬ್ಬರದ ಗುಂಡಿಯ ಪಾಠ ಚೆನ್ನಾಗಿತ್ತು, ಹುಳುವಿಗೆ ಬೇವಿನ ಕಷಾಯ ಹೊಡೆಯುವುದನ್ನು ಹೊಸದಾಗಿ ಕಲಿತೆ. ಪಾಠ ಹೇಳಿದ ಹುಡುಗಿ ನಮ್ಮ ಟೊಂಗಾದವಳೇ, ಆದರೆ ಹುಟ್ಟಿ ಬೆಳೆದದ್ದು ಆಕ್ಲೆಂಡಿನಲ್ಲಿ. ಸುಡುಬಿಸಿಲಿನ ನಡುಮಧ್ಯಾಹ್ನ ಸಸಿ ಕಿತ್ತು ನೆಡಲು ಹೊರಟಾಗ, ಸಂಜೆಗೆ ನೆಟ್ಟರೆ ಬದುಕುತ್ತವೆ ಮಗಳೇ ಎಂದೆ. ನಕ್ಕು ಒಪ್ಪಿಕೊಂಡಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೈಗೆ ಪುಸ್ತಕ ಕೊಟ್ಟು ಕಳಿಸಿದವರ ಮೇಲೆ ಇದೆ.

ನಾಲ್ಕನೆಯ ದಿನ ಉದ್ಯೋಗ ಕೌಶಲ. ಟೋಪಿಯೊಳಗೆ ಚೀಟಿ ಹಾಕಿ ಜೋಡಿ ಮಾಡಿದರು. ನಮ್ಮೂರಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಯಾರದಾದರೂ ಅಣ್ಣನಿಗೋ ತಮ್ಮನಿಗೋ ಬೀಳುತ್ತದೆ, ಚೀಟಿ ಬೇರೇನು ಮಾಡೀತು? ನನ್ನ ಪಾಲಿಗೆ ಬಂದವನು ಪೌಲಿಯಾಸಿ, ನನ್ನ ಚಿಕ್ಕಪ್ಪನ ಮಗ. ಒಂದು ಪುಟ್ಟ ನಾಟಕವಾಡಬೇಕು: ನಾನು ಮೇಲ್ವಿಚಾರಕಿ, ಅವನು ಕೆಲಸಗಾರ. ವಿಷಯ, ಮೈಯ ಶುಚಿತ್ವ. ಪುಸ್ತಕದಲ್ಲಿ ನನ್ನ ಮಾತು ಬರೆದೇ ಇತ್ತು: ಸ್ನಾನ ಮಾಡಿ ಎಷ್ಟು ದಿನವಾಯಿತು, ಒಳಬಟ್ಟೆ ದಿನವೂ ಬದಲಿಸುತ್ತೀಯಾ.

ನಿರ್ದೇಶಕರೇ, ನೀವೂ ಈ ದ್ವೀಪಗಳವರೇ. ಮೀಸೆ ಮೂಡಿದ ಮೇಲೆ ತಮ್ಮನು ಅಕ್ಕ ಮಲಗುವ ಸೂರಿನಡಿ ಮಲಗುವುದಿಲ್ಲ, ಅವಳೆದುರು ಪೋಲಿ ಮಾತಾಗಲಿ ಮೈಯ ಮಾತಾಗಲಿ ಆಡುವುದಿಲ್ಲ, ಅವಳು ಕೂತ ಕೋಣೆಯಲ್ಲಿ ಸಿನಿಮಾ ನೋಡುವುದಿಲ್ಲ. ಅಕ್ಕನೂ ಅಷ್ಟೇ. ಇದನ್ನು ನಿಮಗೆ ನಾನು ಹೇಳಿಕೊಡಬೇಕೇ?

ಪೌಲಿಯಾಸಿ ಪುಸ್ತಕ ಓದಿದ. ಅದನ್ನು ಮೆಲ್ಲಗೆ ಮುಚ್ಚಿ ಕುರ್ಚಿಯ ಮೇಲಿಟ್ಟು, ಸಭೆಯ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆ ಸರಿಮಾಡಿಕೊಂಡು ಹೊರಗೆ ಹೋಗಿ ದೀವಿಹಲಸಿನ ಮರದತ್ತ ಮುಖ ಮಾಡಿ ನಿಂತ. ನಾನು ನೆಲ ನೋಡುತ್ತ ನಿಂತೆ. ಇದು ಬರೀ ನಾಟಕ ಎಂದಳು ಹುಡುಗಿ. ಕಾರಣವನ್ನಾದರೂ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಕಿಟಕಿಯಾಚೆ ಅವನಿಗೆ ಕೇಳುವಂತೆ ಅದನ್ನು ವಿವರಿಸುವುದೂ ಆ ಮಾತನ್ನು ಆಡಿದ ಹಾಗೆಯೇ. ಸಭಾಂಗಣದಲ್ಲಿದ್ದ ಹದಿನೈದು ಮಂದಿಗೂ ಗೊತ್ತಿತ್ತು, ಹದಿನೈದು ಮಂದಿಯೂ ನೆಲ ನೋಡಿದರು. ಊರಿಗೆ ಊರೇ ಮೂಕವಾಯಿತೆಂದು ಆಕೆ ಬರೆದುಕೊಂಡಳು.

ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡ ಮಹನೀಯರು ಬಹಳ ಸಭ್ಯರು.

"ಸ್ವಂತ ತಮ್ಮನಾ?" ಎಂದರು.

"ಚಿಕ್ಕಪ್ಪನ ಮಗ."

"ಹಂಗಾದ್ರೆ ತಮ್ಮ ಅಲ್ವಲ್ಲಮ್ಮ. ಫಾರಂನಲ್ಲಿ ಸಹೋದರ ಅಂದ್ರೆ ಒಂದೇ ತಂದೆತಾಯಿ ಮಕ್ಕಳು."

ನಮ್ಮ ಭಾಷೆಯಲ್ಲಿ ಹೆಣ್ಣೊಬ್ಬಳಿಗೆ ಒಡಹುಟ್ಟಿದವನೂ ತುಓಂಗಾನೆ, ಚಿಕ್ಕಪ್ಪನ ಮಗನೂ ತುಓಂಗಾನೆ, ಸೋದರಮಾವನ ಮಗನೂ ತುಓಂಗಾನೆ. ಅವರನ್ನು ಬೇರೆಬೇರೆ ಮಾಡುವ ಪದ ನನ್ನ ತಾಯಿ ನನಗೆ ಕಲಿಸಲಿಲ್ಲ. ನಿಮ್ಮ ಫಾರಂ ಕಲಿಸಲು ಹೊರಟಿದೆ. ಜೋಡಿ ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲವಂತೆ, ಬುಧವಾರವೂ ಅದೇ ಪೌಲಿಯಾಸಿ, ಅದೇ ಬೆವರು.

ನಮ್ಮಿಬ್ಬರಿಗೂ ಸಂವಹನ ಬಾರದು ಎಂದಿರಿ. ನನ್ನ ಗಂಡ ತೀರಿಹೋದಾಗ ಪೌಲಿಯಾಸಿ ಹತ್ತು ದಿನ ನನ್ನ ಹಿತ್ತಲಲ್ಲಿ ನೆಲದಲ್ಲಿ ಒಲೆ ತೋಡಿ ಬಂದವರಿಗೆಲ್ಲ ಅಡುಗೆ ಬೇಯಿಸಿದ. ಒಮ್ಮೆಯೂ ಒಳಗೆ ಬರಲಿಲ್ಲ, ಒಂದು ಮಾತೂ ಆಡಲಿಲ್ಲ. ಹತ್ತು ದಿನವೂ ಹೊಗೆ ನೋಡಿ, ನಾನೊಬ್ಬಳೇ ಇಲ್ಲವೆಂದು ಸಮಾಧಾನಪಟ್ಟುಕೊಂಡೆ. ಪ್ರತಿ ವರ್ಷ ಬಳ್ಳಿಗೆಣಸಿನ ಮೊದಲ ಕೊಯ್ಲಿನಲ್ಲಿ ಎಲ್ಲಕ್ಕಿಂತ ಉದ್ದದ ಗೆಡ್ಡೆಯನ್ನು ನನ್ನ ಬಾಗಿಲಲ್ಲಿಟ್ಟು ಹೋಗುತ್ತಾನೆ. ಇದಕ್ಕೆ ನಿಮ್ಮ ಹಾಳೆಯಲ್ಲಿ ಯಾವ ಅಂಕಣ?

ನಿನ್ನೆ ಅವನ ಹೆಂಡತಿ ಕಟಲಿನಾ ಬಂದಿದ್ದಳು. ಸುತ್ತುಬಳಸಿ ಮಾತಾಡುವವಳಲ್ಲ, ಆದರೂ ನಿನ್ನೆ ಬಹಳ ಹೊತ್ತು ಉಗುರು ನೋಡಿಕೊಳ್ಳುತ್ತಾ ಕೂತಿದ್ದಳು.

"ಅತ್ತಿಗೆ, ಅವ್ರು ಹೇಳ್ಕಳಿಸಿದ್ದಾರೆ. ಬುಧವಾರ ನೀವು ಆ ಮಾತು ಅಂದ್ಬಿಡ್ಬೇಕಂತೆ. ಅವ್ರು ಕಿವಿಗೆ ಹತ್ತಿ ಇಟ್ಕೊಂಡು ಕೂತ್ಕೋತಾರಂತೆ. ಕೆಲ್ಸ ನಿಮ್ಗೇ ಸಿಗ್ಬೇಕು ಅಂತಾರೆ."

"ಹತ್ತಿ ಇಟ್ಕೊಂಡ್ರೆ ಅವ್ನಿಗೆ ಕೇಳ್ಸಲ್ಲ," ಎಂದೆ. "ನಂಗೆ ಕೇಳ್ಸತ್ತಲ್ಲ ಕಟಲಿನಾ."

ಅವಳು ಹೋದ ಮೇಲೆ ನಾನು ಅತ್ತೆ. ನನಗಾಗಿ ಅವನು ಅಷ್ಟು ತಗ್ಗಲು ಸಿದ್ಧನಾಗಿದ್ದಾನೆ, ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದವರು ನೀವು. ಇದನ್ನು ನಾನು ಸುಲಭಕ್ಕೆ ಕ್ಷಮಿಸಲಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಜೋಡಿ ಬದಲಿಸಿ. ಯಾರೂ ಸಿಗದಿದ್ದರೆ ಪಾದ್ರಿಯವರನ್ನು ಕೂರಿಸಿ, ಬೇರೆ ದ್ವೀಪದಿಂದ ಬಂದ ಅವರು ನನಗೆ ಏನೂ ಆಗಬೇಕಾದವರಲ್ಲ. ಅವರಿಗೆ ಬೆವರು ನಾರುತ್ತದೆಯೆಂದು ನಿಮ್ಮ ಪುಸ್ತಕಕ್ಕಿಂತ ಚೆನ್ನಾಗಿ ಹೇಳಬಲ್ಲೆ, ಅದು ನಿಜವೂ ಹೌದು. ನಿಯಮ ನಿಯಮವೇ ಎನ್ನುವುದಾದರೆ ಬುಧವಾರ ನೀವೇ ನಮ್ಮ ಸಭಾಂಗಣಕ್ಕೆ ಬನ್ನಿ. ಬರುವಾಗ ನಿಮ್ಮ ಅಕ್ಕನನ್ನೋ ತಂಗಿಯನ್ನೋ ಕರೆತನ್ನಿ. ಪಕ್ಕದ ಎರಡು ಕುರ್ಚಿಗಳಲ್ಲಿ ನೀವಿಬ್ಬರೂ ಕೂತು, ಕಣ್ಣಿಗೆ ಕಣ್ಣು ಕೊಟ್ಟು, ಪುಸ್ತಕದಲ್ಲಿರುವುದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅವರನ್ನು ಕೇಳಿ. ನೀವು ಮುಗಿಸಿದ ಮೇಲೆ ನಾನು ಶುರುಮಾಡುತ್ತೇನೆ.

ಇಂತಿ,
ಬಾಯಿಲ್ಲದವಳೆಂದು ನಿಮ್ಮ ಮುದ್ರೆ ಬಿದ್ದಿರುವ,
ಲೆಸಿಯೆಲಿ
ವವಾಉ ದ್ವೀಪ