ಮಾವನ ಆರು ಸೆಕೆಂಡು

ಮಾರ್ಚ್ 4, ಮಂಗಳವಾರ

ಇವತ್ತೂ ದೆವ್ವವೇ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಪಾಳು ಆಸ್ಪತ್ರೆಯೊಂದರ ಕಾರಿಡಾರ್. ಬಾಗಿಲು ತಾನಾಗಿಯೇ ತೆರೆದುಕೊಳ್ಳುವ ಶಾಟ್. ಬಾಗಿಲ ಹಿಂದೆ ಕ್ಯಾಮೆರಾ ಅಸಿಸ್ಟೆಂಟಿನ ಮೊಣಕೈ ಕಾಣುತ್ತದೆ. ಆ ಮೊಣಕೈ ಅಳಿಸುವುದು ನನ್ನ ಕೆಲಸ. ಹದಿನೇಳು ವರ್ಷ ಎಡಿಟಿಂಗ್ ಮಾಡಿದ್ದು ಮೊಣಕೈ ಅಳಿಸುವುದಕ್ಕೆ.

ನಮ್ಮದು ವಿಜ್ಞಾನದ ಚಾನೆಲ್ ಆಗಿದ್ದಾಗ ಇದೇ ಕುರ್ಚಿಯಲ್ಲಿ ಕೂತು ಸೇತುವೆಗಳ ಬಗ್ಗೆ ಇಪ್ಪತ್ತಾರು ಕಂತು ಕತ್ತರಿಸಿದ್ದೆ. ಬೀಗದೊಳಗೆ ಏನಿದೆ, ಇರುವೆ ದಾರಿ ಹೇಗೆ ಹುಡುಕುತ್ತದೆ, ರಕ್ತ ಯಾಕೆ ಹೆಪ್ಪುಗಟ್ಟುತ್ತದೆ... ಬೆಳಗಿನ ಹನ್ನೊಂದಕ್ಕೆ ಪಾಠದ ಗಂಟೆ ಇತ್ತು. ಶಾಲೆಗಳಲ್ಲಿ ಟಿವಿ ಹಾಕಿ ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದರು. ಈಗ ಅದೇ ಹನ್ನೊಂದಕ್ಕೆ ಬೊಜ್ಜು ಕರಗಿಸುವ ಬೆಲ್ಟ್ ಮಾರುತ್ತೇವೆ. ಇರುವೆ ತೋರಿಸುತ್ತಿದ್ದಾಗ ಕೇಬಲ್‌ನವರು ನಮ್ಮನ್ನು ನಲವತ್ತೊಂದನೇ ನಂಬರಿನಿಂದ ಮುನ್ನೂರ ಹನ್ನೆರಡಕ್ಕೆ ತಳ್ಳಿದ್ದರು. ದೆವ್ವ ಬಂದ ಮೇಲೆ ಮರ್ಯಾದೆಯಿಂದ ಅರವತ್ತಕ್ಕೆ ಕರೆತಂದರು.

ಹೊಸ ಪ್ರೋಗ್ರಾಮಿಂಗ್ ಹೆಡ್‌ನನ್ನು ಆಫೀಸಿನಲ್ಲಿ ಎಲ್ಲರೂ ಗ್ರಾಫ್ ಎನ್ನುತ್ತಾರೆ. ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ಯಾರೂ ಕಂಡಿಲ್ಲ. ಫೋನಿನಲ್ಲಿ ನೋಡುಗರ ಲೆಕ್ಕದ ಒಂದು ಗೆರೆ ಏರುತ್ತದೆ, ಇಳಿಯುತ್ತದೆ. ಅದನ್ನೇ ನೋಡುತ್ತಾನೆ. ಮೊಣಕೈ ಹೋಯಿತಾ ಎಂದು ಕೇಳಿದ. ಹೋಯಿತು ಎಂದೆ.

ಮಾರ್ಚ್ 7, ಶುಕ್ರವಾರ

ಮೀಟಿಂಗ್. ಊರಾಚೆ ಗುಡ್ಡದ ಬಂಡೆಯ ಮೇಲೆ ಪಾದದ ಆಕಾರದ ಗುಂಡಿ ಇದೆಯಲ್ಲ, ನಾಲ್ಕೂವರೆ ಅಡಿ ಉದ್ದ — ಅದರ ಮೇಲೆ ಒಂದು ಗಂಟೆಯ ಕಾರ್ಯಕ್ರಮವಂತೆ. ದೈತ್ಯರು ಇಲ್ಲಿ ನಡೆದಾಡಿದ್ದರೇ? ಗ್ರಾಫ್‌ಗೆ ಒಬ್ಬ ತಜ್ಞ ಬೇಕು. ಬಿಳಿ ಗಡ್ಡ ಇದ್ದರೆ ಒಳ್ಳೆಯದು ಎಂದ.

ಬಾಯಿ ಸುಮ್ಮನಿರಲಿಲ್ಲ. ನಮ್ಮ ಮಾವ ಇದ್ದಾರೆ, ಯಜಮಾನರ ಅಪ್ಪ, ಎಂದುಬಿಟ್ಟೆ. ಭೂವಿಜ್ಞಾನ ಇಲಾಖೆಯಲ್ಲಿ ಮೂವತ್ತೈದು ವರ್ಷ. ಅದೇ ಗುಂಡಿಯನ್ನು ಅಳೆದು ವರದಿ ಬರೆದವರು. ಹಿಂದೆ ಅಲ್ಲಿ ನದಿ ಹರಿಯುತ್ತಿತ್ತು, ಸುಳಿಯಲ್ಲಿ ಸಿಕ್ಕ ಉರುಟುಗಲ್ಲು ಸಾವಿರಾರು ವರ್ಷ ಗರಗರ ತಿರುಗಿ ಬಂಡೆಯನ್ನು ಕೊರೆಯಿತು, ಎರಡು ಗುಂಡಿ ಒಂದಕ್ಕೊಂದು ಸೇರಿ ಪಾದದ ಹಾಗೆ ಕಂಡಿತು. ಇಷ್ಟೇ ಕಥೆ. ನನಗಂತೂ ದೈತ್ಯನಿಗಿಂತ ಆ ಉರುಟುಗಲ್ಲೇ ಹೆಚ್ಚು ಆಶ್ಚರ್ಯ.

ಒಂದು ಗಂಟೆ ಬುರುಡೆಯ ನಡುವೆ ಎರಡು ನಿಮಿಷವಾದರೂ ನಿಜ ಇರಲಿ ಎಂದು ಆಸೆ. ಅನುಮಾನ ಪಡುವವರೂ ಒಬ್ಬರು ಬೇಕು ಎಂದು ಗ್ರಾಫ್ ಒಪ್ಪಿದ. ಗಡ್ಡ ಇದೆಯಾ ಎಂದು ಮತ್ತೆ ಕೇಳಿದ.

ಮಾರ್ಚ್ 9, ಭಾನುವಾರ

ಮಾವ ಗುಡ್ಡದಿಂದ ಬಂದರು. ಪ್ರತಿ ಭಾನುವಾರ ಹತ್ತು ಹದಿನೈದು ಜನರನ್ನು ಕಟ್ಟಿಕೊಂಡು ಹೋಗಿ ಕಲ್ಲು ತೋರಿಸುತ್ತಾರೆ. ನಿವೃತ್ತಿಯ ನಂತರ ಒಂದು ವಾರವೂ ತಪ್ಪಿಸಿಲ್ಲ. ಜೇಬಿನಿಂದ ಹೊಸ ಕಲ್ಲು ತೆಗೆದು ನಾಲಿಗೆಯ ತುದಿ ಮುಟ್ಟಿಸಿ ನೋಡಿದರು. ಜೇಡಿ ಇದ್ದರೆ ನಾಲಿಗೆಗೆ ಅಂಟುತ್ತದಂತೆ. ಮನೆಯಲ್ಲಿ ಉಪ್ಪಿಗೇನು ಬರವಾ ಎಂದು ಅತ್ತೆ ಎಂದಿನಂತೆ ಕೇಳಿದರು.

ಊಟದ ಮೇಜಿನ ಮೇಲೆ ಪಾಠ. ಇವತ್ತು ನಾನು ಮೇಡಂ, ಅವರು ವಿದ್ಯಾರ್ಥಿ. ಪ್ರಶ್ನೆ ಕೇಳುವವರ ದನಿಯನ್ನು ನಾವು ತೆಗೆದುಹಾಕುತ್ತೇವೆ, ಆದ್ದರಿಂದ ಉತ್ತರದೊಳಗೇ ಪ್ರಶ್ನೆಯೂ ಇರಬೇಕು ಎಂದೆ. ಬರೀ ‘ಸುಳ್ಳು’ ಎಂದರೆ ಏನು ಸುಳ್ಳೋ ನೋಡುವವರಿಗೆ ಗೊತ್ತಾಗುವುದಿಲ್ಲ. ಮೊದಲು ಜನ ಹೇಳುವ ಮಾತನ್ನು ಪೂರ್ತಿ ಹೇಳಿ. ಒಂದು ಉಸಿರು ನಿಲ್ಲಿ — ನನಗೆ ಕತ್ತರಿಸಲು ಜಾಗ ಬೇಕು. ಆಮೇಲೆ ನಿಮ್ಮ ಉತ್ತರ.

“ಅಂದ್ರೆ ಅವರ ಸುಳ್ಳನ್ನ ಮೊದಲು ನಾನೇ ಹೇಳ್ಬೇಕು, ಆಮೇಲೆ ನಾನೇ ಅದನ್ನ ಒಡೀಬೇಕು,” ಎಂದರು ಮಾವ. “ಸುತ್ತಿಗೆ ಕೆಲಸ. ಮಾಡೋಣ.”

ಐದು ಸಲ ಹೇಳಿಸಿದೆ. ಐದನೆಯ ಸಲ ಉಸಿರಿನ ಲೆಕ್ಕವೂ ಸರಿಯಾಗಿತ್ತು. ಹೊಗಳಿದೆ.

ಮಾರ್ಚ್ 13, ಗುರುವಾರ

ಶೂಟಿಂಗ್ ಮುಗಿದು ಫುಟೇಜ್ ಬಂದಿದೆ. ಮಾವ... ಏನು ಹೇಳಲಿ. ಇಸ್ತ್ರಿ ಮಾಡಿದ ಅಂಗಿ, ಹಳೆಯ ಫೀಲ್ಡ್ ಟೋಪಿ. ಬಂಡೆಯ ಮೇಲೆ ಮಂಡಿಯೂರಿ ಕೂತು ಗುಂಡಿಯ ಗೋಡೆಯನ್ನು ಬೆರಳಿನಿಂದ ಸವರುತ್ತಾರೆ, ಹಸುವಿನ ಮೈ ಸವರಿದ ಹಾಗೆ. ನಾನು ಹೇಳಿಕೊಟ್ಟಿದ್ದನ್ನು ಒಂದಕ್ಷರ ಬಿಟ್ಟಿಲ್ಲ. ನೇರ ಕ್ಯಾಮೆರಾ ನೋಡಿ —

“ಈ ಬಂಡೆ ಮೇಲೆ ಇರೋದು ಒಬ್ಬ ದೈತ್ಯನ ಹೆಜ್ಜೆ ಗುರುತು.”

ಒಂದು ಉಸಿರು.

“ಹಾಗಂತ ಜನ ಹೇಳ್ತಾರೆ. ಅದು ಸುಳ್ಳು. ನಿಜ ಏನು ಅಂತ ಈ ಉರುಟುಗಲ್ಲನ್ನ ಕೇಳೋಣ.”

ಆಮೇಲೆ ಎರಡು ನಿಮಿಷ ಹತ್ತು ಸೆಕೆಂಡು, ನದಿಯ ಕಥೆ. ಇಷ್ಟು ಸರಳವಾಗಿ, ಇಷ್ಟು ಖುಷಿಯಿಂದ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಎಷ್ಟೋ ದಿನಗಳ ನಂತರ ಕೆಲಸದಲ್ಲಿ ಮೈಮರೆತೆ. ಊಟಕ್ಕೆ ಏಳಲಿಲ್ಲ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 3

ಗ್ರಾಫ್ ಬೆನ್ನ ಹಿಂದೆ ಬಂದು ನಿಂತ. ಮಾವನ ಆರು ಸೆಕೆಂಡಿನ ಮೊದಲ ವಾಕ್ಯ ಮುಗಿಯಿತು. “ಇಲ್ಲೇ ನಿಲ್ಸಿ,” ಎಂದ.

ನಿಲ್ಲಿಸಿದೆ. ಅವನಿಗೇನು ಬೇಕೆಂದು ಆಗಲೇ ಗೊತ್ತಾಯಿತು. ಇನ್ನೊಮ್ಮೆ ಹಾಕಿ ಎಂದ. ಹಾಕಿದೆ. ಪ್ರೋಮೋ ಸಿಕ್ಕಿತು ಎಂದ.

ಆಗುವುದಿಲ್ಲ ಎಂದೆ. ಹೌದು, ಹಾಗೇ ಎಂದೆ. ಇಲ್ಲಿ ಬರೆದಿಡುತ್ತೇನೆ, ಒಂದು ಸಲ ಆಗುವುದಿಲ್ಲ ಎಂದಿದ್ದೆ. ಅವನು ಸಿಟ್ಟಾಗಲಿಲ್ಲ. ಪ್ರೋಮೋಗೆ ಮಾತ್ರ, ಕಾರ್ಯಕ್ರಮದಲ್ಲಿ ನಿಮ್ಮ ಮಾವ ಪೂರ್ತಿ ಇರುತ್ತಾರೆ ಎಂದ. ನೀವು ಮಾಡದಿದ್ದರೆ ಪಕ್ಕದ ರೂಮಿನವರಿಗೆ ಕೊಡುತ್ತೇನೆ, ಆಗ ಕಾರ್ಯಕ್ರಮವೂ ಅವರದೇ. ಅವರಿಗೆ ಉರುಟುಗಲ್ಲಿನ ಮೇಲೆ ಅಂಥ ಪ್ರೀತಿ ಇಲ್ಲ, ಅಲ್ವಾ?

ಯೋಚಿಸಿದೆ. ನನ್ನ ಕೈಯಲ್ಲಿದ್ದರೆ ಎರಡು ನಿಮಿಷ ಹತ್ತು ಸೆಕೆಂಡು ಉಳಿಯುತ್ತದೆ. ಆರು ಸೆಕೆಂಡು ಕೊಟ್ಟು ಅದನ್ನು ಉಳಿಸಿಕೊಳ್ಳೋಣ.

ಕೊಟ್ಟೆ. ಉಸಿರಿಗೆ ಸರಿಯಾಗಿ ಕತ್ತರಿ ಹಾಕಿದೆ. ಜಾಗ ಎಷ್ಟು ಚೆನ್ನಾಗಿತ್ತು ಎಂದರೆ ಎರಡನೆಯ ಸಲ ನೋಡಬೇಕಾಗಲಿಲ್ಲ. ಕೊನೆಗೆ ಒಂದು ಡ್ರಮ್ಮು. ಬೆಣ್ಣೆಯಿಂದ ಕೂದಲು ತೆಗೆದಂಥ ಕೆಲಸ. ಗ್ರಾಫ್ ಹೆಗಲು ತಟ್ಟಿದ. ಬಾತ್‌ರೂಮಿಗೆ ಹೋಗಿ ಹೆಗಲು ತೊಳೆದುಕೊಂಡೆ, ಬ್ಲೌಸ್ ಸಮೇತ. ಒದ್ದೆ ಬ್ಲೌಸಿನಲ್ಲೇ ಸಂಜೆವರೆಗೆ ಕೂತಿದ್ದೆ.

ಮಾರ್ಚ್ 25, ಮಂಗಳವಾರ

ಒಂದು ವಾರ ಬರೆಯಲಿಲ್ಲ. ಬರೆಯುವ ಮುಖವಿರಲಿಲ್ಲ.

ನಿನ್ನೆಯಿಂದ ಪ್ರೋಮೋ. ಗಂಟೆಗೆ ನಾಲ್ಕು ಸಲ. ಬೆಳಿಗ್ಗೆ ಟೀ ಕುಡಿಯುತ್ತಿದ್ದಾಗ ಮಾವನೇ ಟಿವಿಯಲ್ಲಿ ಬಂದು ದೈತ್ಯನ ಹೆಜ್ಜೆ ಎಂದು ಹೇಳಿ ಹೋದರು. ಕುರ್ಚಿಯಲ್ಲಿದ್ದ ಮಾವ ಕಪ್ಪು ಹಿಡಿದುಕೊಂಡು ಹಾಗೇ ಕೂತಿದ್ದರು. ಹತ್ತು ನಿಮಿಷದ ನಂತರ ಮತ್ತೆ ಬಂತು. ಆಗ ಕಪ್ಪು ಕೆಳಗಿಟ್ಟರು.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹೇಳಿಬಿಡುತ್ತಿದ್ದೆನೇನೋ.

“ಇದನ್ನ ನಿನ್ನ ಕೈಗೆ ಕೊಟ್ಟಿಲ್ಲ ಅವ್ರು,” ಎಂದರು. “ನೀನಾಗಿದ್ರೆ ಹೀಗೆ ಮಾಡ್ತಿರ್ಲಿಲ್ಲ.”

ಪ್ಲೇಟು ಎತ್ತಿಕೊಂಡು ಒಳಗೆ ಹೋದೆ. ಕಾರ್ಯಕ್ರಮದಲ್ಲಿ ಪೂರ್ತಿ ಇದೆ ಮಾವ, ನಾನೇ ಜೋಡಿಸಿದ್ದೇನೆ ಎಂದು ಅಡುಗೆಮನೆಯಿಂದ ಕೂಗಿದೆ. ಅದು ನಿಜ. ನಿಜವನ್ನು ಗೋಡೆಯ ಮರೆಯಿಂದ ಹೇಳಿದೆ.

ಮಾರ್ಚ್ 27, ಗುರುವಾರ

ನಕ್ಷೆಯವರು ಫೋನ್ ಮಾಡಿದ್ದರು. ಇಲಾಖೆಯಲ್ಲಿ ಮಾವನ ಜೊತೆ ನಕ್ಷೆ ಬರೆಯುತ್ತಿದ್ದವರು. ಆ ಗುಂಡಿಯನ್ನು ಅಳೆದಾಗ ಟೇಪಿನ ಇನ್ನೊಂದು ತುದಿ ಹಿಡಿದವರು ಅವರೇ. ಟಿವಿಯಲ್ಲಿ ಬರುವುದಕ್ಕೆ ಇಷ್ಟು ಆಸೆ ಇತ್ತಾ ನಿನಗೆ ಎಂದು ಕೇಳಿದರಂತೆ. ಭಾನುವಾರ ಮನೆಗೆ ಬಾ, ಪೂರ್ತಿ ನೋಡು, ಆಮೇಲೆ ಮಾತಾಡು ಎಂದು ಮಾವ ಕರೆದಿದ್ದಾರೆ.

ಬೀದಿಯಲ್ಲಿ ಔಷಧಿ ಅಂಗಡಿಯವನು ನನ್ನನ್ನು ನಿಲ್ಲಿಸಿ, ದೈತ್ಯರ ಮೂಳೆ ಸಿಕ್ಕಿದೆಯಂತೆ, ಸರ್ಕಾರ ಮುಚ್ಚಿಟ್ಟಿದೆಯಂತೆ, ನಿಮ್ಮ ಮಾವನಿಗೆ ಗೊತ್ತಿರಬೇಕಲ್ಲ ಎಂದ. ಮಾತ್ರೆ ಕೊಡುವವನು! ಇವನ ಅಂಗಡಿಯಲ್ಲಿ ಇನ್ನು ಕೆಮ್ಮಿನ ಔಷಧಿ ಕೊಳ್ಳುವುದಕ್ಕೂ ಭಯ.

ಮಾರ್ಚ್ 30, ಭಾನುವಾರ. ಸಂಜೆ 7.20

ಬೆಳಿಗ್ಗೆ ಗುಡ್ಡದ ಬುಡದಲ್ಲಿ ಎಪ್ಪತ್ತು ಎಂಬತ್ತು ಜನ ಸೇರಿದ್ದರಂತೆ. ಉಳಿದ ಹೆಜ್ಜೆಗಳು ಎಲ್ಲಿವೆ ಎಂದು ಕೇಳಿದರಂತೆ. ಮಾವ ನೀರು, ಕಲ್ಲು ಎಂದು ಶುರುಮಾಡಿದರೆ, ಯಾರೋ ಹೆಂಗಸು, ಇಲ್ಲಿ ಹೆದರಿಕೊಂಡು ಹೀಗೆ ಹೇಳ್ತಿದೀರಿ, ಟಿವೀಲಿ ನಿಜ ಹೇಳಿದ್ರಿ ಎಂದಳಂತೆ. ಅರ್ಧ ಗಂಟೆಗೇ ಮನೆಗೆ ಬಂದರು. ಜೇಬಿನಲ್ಲಿ ಕಲ್ಲಿರಲಿಲ್ಲ.

ಸಂಜೆ ಆರಕ್ಕೆ ಕಾರ್ಯಕ್ರಮ. ನಕ್ಷೆಯವರು ಬಂದರು, ಗೋಡೆಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮಾವನ ಆರು ಸೆಕೆಂಡು ಮೂರು ಸಲ ಬಂತು. ಒಂದು ಸಲ ನಿಧಾನಗತಿಯಲ್ಲಿ. ಇರು, ಮುಂದೆ ಇದೆ ಎಂದು ಮಾವ ಪ್ರತಿ ಸಲ ಹೇಳಿದರು. ನಲವತ್ತೊಂದನೇ ನಿಮಿಷದಲ್ಲಿ ಇಟ್ಟಿದ್ದೆ. ಗಡಿಯಾರ ನೋಡುತ್ತಿದ್ದೆ. ನಲವತ್ತೊಂದಕ್ಕೆ ಶಕ್ತಿಯ ಬಳೆಯ ಜಾಹೀರಾತು ಬಂತು. ನಲವತ್ತಮೂರಕ್ಕೆ ಗ್ರಾಫಿಕ್ಸ್ ದೈತ್ಯ ಗುಡ್ಡ ಇಳಿದು ಬಂದ.

ಮುಗಿಯಿತು. ಉರುಟುಗಲ್ಲು ಇಲ್ಲ. ನದಿ ಇಲ್ಲ. ನಕ್ಷೆಯವರು ಟೀ ಕುಡಿದು, ಲೋಟವನ್ನು ತಾವೇ ಒಳಗಿಟ್ಟು ಬಂದು ಬರುತ್ತೇನೆ ಎಂದರು. ಮಾವ ಬಾಗಿಲವರೆಗೆ ಹೋದರು. ನಲವತ್ತು ವರ್ಷದ ಸ್ನೇಹ ಚಪ್ಪಲಿ ಹಾಕಿಕೊಂಡು ಹೊರಟುಹೋಯಿತು.

ಮಾರ್ಚ್ 31, ಸೋಮವಾರ

ಡ್ಯುರೇಷನ್ ಜಾಸ್ತಿಯಾಯಿತು ಎಂದ ಗ್ರಾಫ್. ಉರುಟುಗಲ್ಲಿನ ಭಾಗವನ್ನು ಶನಿವಾರ ಸಂಜೆ ಪಕ್ಕದ ರೂಮಿನಲ್ಲಿ ತೆಗೆಸಿದನಂತೆ. ನಾನು ಕೂಗಾಡಿದೆ. ಕೂಗು ಮುಗಿಯುವವರೆಗೆ ಕಾದು, ಫೋನ್ ತಿರುಗಿಸಿ ಗೆರೆ ತೋರಿಸಿದ. ಮಾವ ಬಂದ ಕಡೆಯೆಲ್ಲ ಏರಿದೆ. ಅವರ ಮುಖ ನೋಡಿದರೆ ಜನ ನಂಬುತ್ತಾರೆ, ಇನ್ನೂ ಎರಡು ಗುಡ್ಡ ನೋಡಿದ್ದೇವೆ, ಬರುತ್ತಾರಾ ಕೇಳಿ ಎಂದ.

ಹೇಸಿಗೆ. ಬೇರೆ ಪದ ಹುಡುಕಿದೆ, ಇಲ್ಲ. ಕಾರಿಡಾರಿನಲ್ಲಿ ನಡೆದರೆ ಕಾಲಿಗೆ ಏನೋ ಅಂಟಿದ ಹಾಗೆ. ಇವರೆಲ್ಲ ಸುಳ್ಳು ಮಾರುವವರು, ಗೊತ್ತಿತ್ತು. ಆದರೆ ಇವರ ಹತ್ತಿರ ಸುಳ್ಳಿಗೆ ಮುಖವಿರಲಿಲ್ಲ. ಮುಖ ತಂದುಕೊಟ್ಟವಳು ನಾನು. ಹೇಗೆ ನಿಲ್ಲಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ಹೇಳಿಕೊಟ್ಟವಳೂ ನಾನು. ಗ್ರಾಫ್ ಮೇಲೆ ಬರುವ ವಾಕರಿಕೆಯಲ್ಲಿ ಅರ್ಧಪಾಲು ನನ್ನದೇ.

ಏಪ್ರಿಲ್ 1, ಮಂಗಳವಾರ

ನಮ್ಮ ಯಜಮಾನರಿಗೆ ಎಲ್ಲ ಹೇಳಿದೆ. ಅಪ್ಪನಿಗೆ ಹೇಳಬೇಡ ಎಂದರು. ಟಿವಿಯವರು ಮೋಸ ಮಾಡಿದರು ಎಂದರೆ ಅವರು ತಡೆದುಕೊಳ್ಳುತ್ತಾರೆ, ಸೊಸೆ ಎಂದರೆ ತಡೆದುಕೊಳ್ಳುವುದಿಲ್ಲ. ಒಳ್ಳೆಯ ಮಾತು. ನನಗೆ ಬಹಳ ಅನುಕೂಲದ ಮಾತು.

ಬಟ್ಟೆ ಮಡಚುತ್ತಾ ಅತ್ತೆ ಕೇಳಿದರು, ಟವೆಲ್ ಮೇಲೆ ಕಣ್ಣಿಟ್ಟು: “ಇಷ್ಟು ನೀಟಾಗಿ ಕತ್ತರಿಸೋರು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ?”

ತುಂಬ ಜನ ಎಂದೆ. ಹೌದಾ ಎಂದರು. ಟವೆಲ್ ಮಡಚಿಟ್ಟರು.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 8.10

ಮಾವ ಎರಡು ದಿನದಿಂದ ಪತ್ರ ಬರೆಯುತ್ತಿದ್ದಾರೆ. ಚಾನೆಲ್ಲಿಗೆ ಒಂದು ಪ್ರತಿ, ಇಲಾಖೆಗೆ ಒಂದು, ನಕ್ಷೆಯವರಿಗೆ ಒಂದು. ವಿಷಯ, ಉಲ್ಲೇಖ, ಮಾನ್ಯರೇ, ಎಲ್ಲ ಆಫೀಸಿನ ಪದ್ಧತಿಯಂತೆ. ಈಗಷ್ಟೇ ನನಗೆ ಓದಿ ಹೇಳಿದರು. ನದಿ, ಸುಳಿ, ಉರುಟುಗಲ್ಲು — ಟಿವಿಯಲ್ಲಿ ಬರದೇ ಹೋದದ್ದೆಲ್ಲ ಇದೆ. ಕೊನೆಯ ಪ್ಯಾರಾದಲ್ಲಿ, ನನ್ನ ಮಾತನ್ನು ತಿರುಚಿ ನನ್ನ ಮೂವತ್ತೈದು ವರ್ಷದ ಕೆಲಸಕ್ಕೆ ಮಸಿ ಬಳಿದವರು ಶ್ರೀ / ಶ್ರೀಮತಿ, ಎಂದು ಬರೆದು ಅರ್ಧ ಸಾಲು ಖಾಲಿ ಬಿಟ್ಟಿದ್ದಾರೆ.

“ಹೆಸರು ನೀನೇ ಹೇಳ್ಬೇಕು,” ಎಂದರು. “ನಿಂಗೆ ಗೊತ್ತಿರತ್ತೆ. ಕೆಲಸದಲ್ಲಿ ತೊಂದ್ರೆ ಆಗತ್ತೆ ಅಂದ್ರೆ ಬೇಡ, ಖಾಲೀನೇ ಕಳಿಸ್ತೀನಿ.”

ಒಂದು ನಿಮಿಷ ಮಾವ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಗ್ರಾಫ್‌ನ ಹೆಸರು ಹೇಳಬಹುದು. ಪಕ್ಕದ ರೂಮಿನವರ ಹೆಸರು ಹೇಳಬಹುದು, ಅದೂ ಪೂರ್ತಿ ಸುಳ್ಳಲ್ಲ. ಆರು ಸೆಕೆಂಡಿನಷ್ಟು ನಿಜ. ಖಾಲಿಯೇ ಕಳಿಸಿ ಎಂದರೆ ಕಳಿಸುತ್ತಾರೆ, ನನ್ನ ಕೆಲಸ ಉಳಿಯಿತೆಂದು ಸಮಾಧಾನವನ್ನೂ ಪಟ್ಟುಕೊಳ್ಳುತ್ತಾರೆ. ಅದೇ ಸಹಿಸುವುದಕ್ಕಾಗುತ್ತಿಲ್ಲ.

ಕರೆಯುತ್ತಿದ್ದಾರೆ. ಪೆನ್ನಿನ ಕ್ಯಾಪ್ ತೆಗೆದಿಟ್ಟುಕೊಂಡೇ ಕೂತಿದ್ದಾರೆ. ಹೋಗಿ ಎದುರಿಗೆ ಕೂರುತ್ತೇನೆ, ಶ್ರೀ ಹೊಡೆದುಹಾಕಿ ಮಾವ, ಶ್ರೀಮತಿ ಇರಲಿ ಎನ್ನುತ್ತೇನೆ, ಆಮೇಲೆ —